ತಾರಸಿ ಮೇಲಿನ ದೊಡ್ಡ ಎಸಿ: ಎರಡು ದಿನದಲ್ಲಿ ಸರಿಯಾಗಿ ಚಾಲೂ ಮಾಡುವ ಕ್ರಮ

ಆಷಾಢ ಮುಗಿಯುವ ಹೊತ್ತಿಗೆ ಹಾಸನದ ಛತ್ರಗಳಿಂದ ನನಗೆ ಫೋನ್ ಶುರುವಾಗುತ್ತದೆ. “ಅಣ್ಣಾ, ನಾಡಿದ್ದು ಮದುವೆ ಇದೆ. ಮೇಲೆ ಎಸಿ ಒಂದ್ಸಲ ಆನ್ ಮಾಡಿ ನೋಡಿ ಹೋಗ್ಬಿಡಿ.” ಒಂದು ತಿಂಗಳು ಮದುವೆ ಇಲ್ಲ, ಬಾಡಿಗೆ ಇಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಯೂನಿಟ್ಟನ್ನು ಮಳೆಗೆ ಬಿಟ್ಟಿರುತ್ತಾರೆ. ಅದನ್ನು ಆನ್ ಮಾಡಿ ನೋಡುವುದು ಒಂದು ನಿಮಿಷದ ಕೆಲಸ. ಆ ಒಂದು ನಿಮಿಷದಲ್ಲೇ ಕಂಪ್ರೆಸರ್ ಹಾಳಾಗಿದ್ದನ್ನು ನಾನು ಕಂಡಿದ್ದೇನೆ. ಹಾಗಾಗಿ ನಾಡಿದ್ದು ಮದುವೆ ಎಂದರೆ ನಾನು ಇವತ್ತೇ ಒಮ್ಮೆ ಹೋಗುತ್ತೇನೆ, ನಾಳೆ ಇನ್ನೊಮ್ಮೆ ಹೋಗುತ್ತೇನೆ. ಇವತ್ತು ಕರೆಂಟ್ ಕೆಲಸ. ನಾಳೆ ಮೊದಲು ಗಾಳಿ, ಕೊನೆಗೆ ಗ್ಯಾಸ್. ಈ ಕ್ರಮವನ್ನು ಎಷ್ಟೇ ಅವಸರ ಇದ್ದರೂ ಬದಲಿಸುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಛತ್ರ, ಬಟ್ಟೆ ಅಂಗಡಿ, ಹೋಟೆಲ್‌ಗಳ ತಾರಸಿ ಮೇಲೆ ಕೂರುವ ಪ್ಯಾಕೇಜ್ ಯೂನಿಟ್ ಬಗ್ಗೆ. ಗ್ಯಾಸ್ ಒತ್ತುವ ಕಂಪ್ರೆಸರ್, ಗಾಳಿ ತಂಪು ಮಾಡುವ ಕಾಯಿಲ್, ಬಿಸಿ ಹೊರಹಾಕುವ ಕಂಡೆನ್ಸರ್ ಕಾಯಿಲ್, ಹಾಲ್‌ಗೆ ಗಾಳಿ ತಳ್ಳುವ ಬ್ಲೋವರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಕೆಳಗಿನ ಹಾಲ್‌ಗೆ ಡಕ್ಟ್ ಹೋಗುತ್ತದೆ. ತ್ರೀ ಫೇಸ್ ಕರೆಂಟ್, ಬೆಲ್ಟ್ ಬ್ಲೋವರ್, ಸ್ಕ್ರಾಲ್ ಕಂಪ್ರೆಸರ್ ಇದೆ ಎಂದುಕೊಂಡು ಬರೆದಿದ್ದೇನೆ. ತ್ರೀ ಫೇಸ್ ಪ್ಯಾನೆಲ್ ಮುಟ್ಟುವವರಿಗೆ ಲೈಸೆನ್ಸ್ ಇರಬೇಕು, ಗ್ಯಾಸ್ ಮುಟ್ಟುವವರಿಗೆ ತರಬೇತಿ ಇರಬೇಕು. ನೀವು ಛತ್ರದ ಮ್ಯಾನೇಜರ್ ಆಗಿದ್ದರೆ, ಬಂದ ಮೆಕ್ಯಾನಿಕ್ ಈ ಕೆಲಸಗಳನ್ನೆಲ್ಲ ಮಾಡಿದನೇ ಎಂದು ನೋಡಿಕೊಳ್ಳಲು ಇದು ಸಾಕು.

ಮೊದಲ ದಿನ: ಕರೆಂಟ್ ಇಲ್ಲದೆ ಮಾಡುವ ಕೆಲಸ

ಮಳೆ ಬರುತ್ತಿದ್ದರೆ ಪ್ಯಾನೆಲ್ ತೆಗೆಯಬೇಡಿ. ಗುಡುಗು ಕೇಳಿಸಿದರೆ ತಾರಸಿಯಿಂದ ಇಳಿದುಬಿಡಿ. ನಮ್ಮ ಕಡೆ ಮಳೆಗಾಲದಲ್ಲಿ ತಾರಸಿ ತುಂಬ ಪಾಚಿ ಕಟ್ಟುತ್ತದೆ. ಯೂನಿಟ್ಟಿನ ಡ್ರೈನ್ ನೀರು ಹರಿಯುವ ಜಾಗದಲ್ಲಂತೂ ಬೇಸಿಗೆಯಲ್ಲೂ ಜಾರುತ್ತದೆ. ಮೊದಲು ಪೊರಕೆ ಹಿಡಿದು ನಾಲ್ಕು ಕಡೆ ಉಜ್ಜಿ, ಆಮೇಲೆ ಟೂಲ್ ಬ್ಯಾಗ್ ಇಡಿ. ಒಬ್ಬರೇ ಹತ್ತಬೇಡಿ.

ಕೆಳಗಿನ ಮೇನ್ ಮತ್ತು ಯೂನಿಟ್ ಪಕ್ಕದ ಐಸೊಲೇಟರ್ ಎರಡನ್ನೂ ಆಫ್ ಮಾಡಿ. ಕೆಳಗಿನದಕ್ಕೆ ಬೀಗ ಹಾಕಿ, ಕೀಲಿ ನಿಮ್ಮ ಜೇಬಲ್ಲಿ ಇಟ್ಟುಕೊಳ್ಳಿ. ಛತ್ರದಲ್ಲಿ ಹತ್ತು ಜನ ಓಡಾಡುತ್ತಿರುತ್ತಾರೆ. ಡೆಕೋರೇಷನ್ ಹುಡುಗರು ಲೈಟ್ ಬರಲಿಲ್ಲ ಅಂತ ಸಿಕ್ಕ ಸ್ವಿಚ್ಚನ್ನೆಲ್ಲ ಎತ್ತಿಬಿಡುತ್ತಾರೆ. ಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ಅದು ಸರಿ ಇದೆಯೇ ನೋಡಿ. ನಂತರ ಯೂನಿಟ್ಟಿನ ಒಳಗೆ ಮೂರೂ ಫೇಸ್ ಸತ್ತಿವೆಯೇ ನೋಡಿ. ಮತ್ತೆ ಕರೆಂಟ್ ಇರುವ ಕಡೆ ಹಿಡಿದು ಮೀಟರ್ ಇನ್ನೂ ಸರಿ ಇದೆ ಅಂತ ಖಚಿತ ಮಾಡಿಕೊಳ್ಳಿ. ಕಂಡೆನ್ಸರ್ ಫ್ಯಾನ್ ಸಿಂಗಲ್ ಫೇಸ್ ಆಗಿದ್ದರೆ ಅದರ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ. ಅದನ್ನು ರೆಸಿಸ್ಟರ್ ಮೂಲಕ ಇಳಿಸಿಯೇ ಕೈ ಹಾಕಿ.

ಈಗ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನಿಧಾನಕ್ಕೆ ನೋಡಿ. ಒಂದು ತಿಂಗಳು ಸುಮ್ನೆ ನಿಂತ ಪೆಟ್ಟಿಗೆಯಲ್ಲಿ ಬೇರೆಯವರು ಸಂಸಾರ ಹೂಡಿರುತ್ತಾರೆ. ಇಲಿ ವೈರ್ ಕಚ್ಚಿರುತ್ತದೆ. ಮೋಟರಿಗೆ ಕರೆಂಟ್ ಕೊಟ್ಟು ತೆಗೆಯುವ ಕಾಂಟ್ಯಾಕ್ಟರಿನ ಎರಡು ಪಾಯಿಂಟ್ ನಡುವೆ ಇರುವೆ ಸಾಲು ಸತ್ತು ಅಂಟಿಕೊಂಡಿರುತ್ತದೆ. ಇಲ್ಲವೇ ಹಲ್ಲಿ ಸಿಕ್ಕಿಕೊಂಡಿರುತ್ತದೆ. ಮುಚ್ಚಳದ ಒಳಗೆ ಕಡಜದ ಗೂಡು ಇರಬಹುದು. ಬಾಗಿಲನ್ನು ಒಂದೇ ಸಲ ಎಳೆಯದೆ ಸ್ವಲ್ಪ ತೆಗೆದು ಸದ್ದು ಕೇಳಿ. ಟರ್ಮಿನಲ್ ಸ್ಕ್ರೂ ಒಂದೊಂದನ್ನೂ ಬಿಗಿ ಮಾಡಿ. ಬಣ್ಣ ಬದಲಾಗಿ ಕಂದು ತಿರುಗಿದ ವೈರ್ ತುದಿ ಕಂಡರೆ ಬರೀ ಬಿಗಿ ಮಾಡಿದರೆ ಸಾಲದು. ಕತ್ತರಿಸಿ ಹೊಸ ಲಗ್ ಹಾಕಿ. ಅರ್ಥಿಂಗ್ ವೈರ್ ಬೋಲ್ಟ್ ತುಕ್ಕು ಹಿಡಿದಿದ್ದರೆ ಉಜ್ಜಿ ಹಾಕಿ.

ಹೊಸ ಯೂನಿಟ್ ಆಗಿದ್ದರೆ ಒಂದು ಮಾತು ಜಾಸ್ತಿ. ಲಾರಿಯಲ್ಲಿ ಬರುವಾಗ ಕುಲುಕದಿರಲಿ ಎಂದು ಕಂಪ್ರೆಸರ್ ಮತ್ತು ಬ್ಲೋವರ್ ಕೆಳಗೆ ಕಂಪನಿಯವರು ಪಟ್ಟಿ, ಬೋಲ್ಟ್ ಹಾಕಿರುತ್ತಾರೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಸಡಿಲ ಮಾತ್ರ ಮಾಡಬೇಕು ಎಂದು ಜೊತೆಗೆ ಬಂದ ಪುಸ್ತಕದಲ್ಲಿ ಇರುತ್ತದೆ. ಮರೆತರೆ ಇಡೀ ಕಟ್ಟಡ ಗುಂಯ್ ಎನ್ನುತ್ತದೆ, ಆಮೇಲೆ ಪೈಪ್ ಬಿರುಕು ಬಿಡುತ್ತದೆ.

ಮುಂದೆ ಮೆಗ್ಗರ್, ಅಂದರೆ ಮೋಟರ್ ವೈಂಡಿಂಗಿನಿಂದ ಬಾಡಿಗೆ ಕರೆಂಟ್ ಸೋರುತ್ತದೆಯೇ ಎಂದು ನೋಡುವ ಮೀಟರ್. 500 ವೋಲ್ಟ್ ಮೆಗ್ಗರ್ ಸಾಕು. ಎಲೆಕ್ಟ್ರಾನಿಕ್ ಬೋರ್ಡ್, ಡ್ರೈವ್ ಇದ್ದರೆ ಅವುಗಳ ವೈರ್ ಮೊದಲು ಬಿಡಿಸಿ. ಇಲ್ಲದಿದ್ದರೆ ಬೋರ್ಡ್ ಸುಡುತ್ತದೆ. ಬ್ಲೋವರ್ ಮತ್ತು ಫ್ಯಾನ್ ಮೋಟರ್‌ಗಳಲ್ಲಿ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆನ್ ಮಾಡಬೇಡಿ. ಮಳೆಗಾಲದಲ್ಲಿ ತೇವಕ್ಕೇ ಹಾಗೆ ಬರಬಹುದು. ಒಣಗಿಸಿ ಮತ್ತೆ ನೋಡಿ. ಕಂಪ್ರೆಸರ್ ಲೆಕ್ಕ ಬೇರೆ. ಅದರ ಮೋಟರ್ ಗ್ಯಾಸ್ ಮತ್ತು ಎಣ್ಣೆಯ ನಡುವೆಯೇ ಕೂತಿರುತ್ತದೆ. ತಣ್ಣಗಿದ್ದಾಗ ಒಳಗೆ ಗ್ಯಾಸ್ ದ್ರವವಾಗಿ ನಿಂತು ರೀಡಿಂಗ್ ಇಳಿಯುತ್ತದೆ. ಪೂರ್ತಿ ಸೊನ್ನೆ ಆದರೆ ನಿಲ್ಲಿಸಿ. ಬರೀ ಕಡಿಮೆ ಇದ್ದರೆ ಬರೆದಿಟ್ಟುಕೊಂಡು, ಮರುದಿನ ಬಿಸಿಯಾದ ಮೇಲೆ ಮತ್ತೆ ಅಳೆದು ಕಂಪನಿ ಕೊಟ್ಟ ಕನಿಷ್ಠ ಅಂಕಿಯ ಜೊತೆ ಹೋಲಿಸಿ. ಸಿಸ್ಟಮ್ ವ್ಯಾಕ್ಯೂಮ್‌ನಲ್ಲಿ (ಪಂಪಿನಿಂದ ಒಳಗಿನದ್ದೆಲ್ಲ ಎಳೆದು ಖಾಲಿ ಮಾಡಿದ ಸ್ಥಿತಿಯಲ್ಲಿ) ಇದ್ದಾಗ ಮಾತ್ರ ಕಂಪ್ರೆಸರ್‌ಗೆ ಮೆಗ್ಗರ್ ಹಾಕಲೇಬಾರದು.

ಹೀಟರ್‌ಗೆ ಒಂದು ರಾತ್ರಿ ಕೊಡಿ

ಎರಡು ದಿನ ಬೇಕು ಎನ್ನುವುದಕ್ಕೆ ನಿಜವಾದ ಕಾರಣ ಇದು. ಯೂನಿಟ್ ನಿಂತಾಗ ಗ್ಯಾಸ್ ತಣ್ಣನೆಯ ಜಾಗ ಹುಡುಕಿಕೊಂಡು ಹೋಗುತ್ತದೆ. ಕಂಪ್ರೆಸರ್ ಬುಡದಲ್ಲಿ ಎಣ್ಣೆ ಇದೆ, ಎಣ್ಣೆಗೆ ಗ್ಯಾಸ್ ಎಳೆದುಕೊಳ್ಳುವ ಗುಣ ಇದೆ. ಮಳೆಗಾಲದ ತಂಪು ರಾತ್ರಿಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಂದು ಅದರೊಳಗೆ ಬೆರೆತು ಕೂರುತ್ತದೆ. ಆಗ ಥಟ್ಟನೆ ಕಂಪ್ರೆಸರ್ ಆನ್ ಮಾಡಿದರೆ ಒಳಗಿನ ಒತ್ತಡ ಇಳಿದು, ಎಣ್ಣೆಯೊಳಗಿನ ಗ್ಯಾಸ್ ಕುದಿಯುತ್ತದೆ. ಹಾಲು ಉಕ್ಕುವ ಹಾಗೆ ನೊರೆ ಏಳುತ್ತದೆ. ಎಣ್ಣೆ ನೊರೆಯ ಜೊತೆ ಪೈಪಿಗೆ ಹೋಗುತ್ತದೆ, ಬೇರಿಂಗ್ ಒಣಗುತ್ತದೆ. ಅವತ್ತೇ ಕಂಪ್ರೆಸರ್ ನಿಲ್ಲದೆ ಇರಬಹುದು. ಆರು ತಿಂಗಳು ಬಿಟ್ಟು ಜ್ಯಾಮ್ ಆದಾಗ ಕಾರಣ ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ತಡೆಯಲು ಕಂಪ್ರೆಸರ್ ಹೊಟ್ಟೆಗೆ ಬೆಲ್ಟಿನ ಹಾಗೆ ಸುತ್ತಿರುವ ಕ್ರ್ಯಾಂಕ್‌ಕೇಸ್ ಹೀಟರ್ ಇರುತ್ತದೆ. ಥರ್ಮೋಸ್ಟ್ಯಾಟ್ ಆಫ್‌ನಲ್ಲಿ ಇಟ್ಟು, ಕಂಪ್ರೆಸರ್ ಸ್ಟಾರ್ಟ್ ಆಗದಂತೆ ನೋಡಿಕೊಂಡು, ಮೇನ್ ಆನ್ ಮಾಡಿ. 24 ಗಂಟೆ ಬಿಡಿ. ಹೀಟರ್ ವೈರ್‌ಗೆ ಕ್ಲಾಂಪ್ ಮೀಟರ್ ಹಾಕಿ ಕರೆಂಟ್ ಎಳೆಯುತ್ತಿದೆಯೇ ಎಂದು ಅವತ್ತೇ ನೋಡಿ. ಸುಟ್ಟ ಹೀಟರ್ ಹೊರಗಿನಿಂದ ಹೊಸದರ ಹಾಗೇ ಕಾಣುತ್ತದೆ. ಮರುದಿನ ಬಂದು ಕಂಪ್ರೆಸರ್ ಬುಡ ಮುಟ್ಟಿದರೆ ಕೈಗೆ ಹದವಾದ ಬಿಸಿ ಹತ್ತಬೇಕು, ಮೇಲ್ಭಾಗಕ್ಕಿಂತ ಬುಡ ಬಿಸಿ ಇರಬೇಕು.

ಮೇನ್ ಆನ್ ಆದ ಮೇಲೆ ವೋಲ್ಟೇಜ್ ನೋಡಿ ಹೊರಡಿ. ಲೈನಿನಿಂದ ಲೈನಿಗೆ ಹೆಸರಿಗೆ 415 ವೋಲ್ಟ್. ಯೂನಿಟ್ಟಿನ ನೇಮ್‌ಪ್ಲೇಟ್ ಮೇಲೆ ಎಷ್ಟರಿಂದ ಎಷ್ಟು ಎಂದು ಇರುತ್ತದೆ. ಅದರೊಳಗೆ ಬಂದರೆ ಆಯಿತು ಎಂದು ಬಿಡಬೇಡಿ. ಮೂರೂ ಫೇಸ್ ಸಮ ಇರುವುದು ಇನ್ನೂ ಮುಖ್ಯ. 416, 410, 404 ಬಂತು ಎನ್ನಿ. ಸರಾಸರಿ 410. ಅದರಿಂದ ಅತಿ ದೂರ ಇರುವುದು 6 ವೋಲ್ಟ್. 410ಕ್ಕೆ 6 ಅಂದರೆ ಸುಮಾರು 1.5 ಶೇಕಡ. ಪರವಾಗಿಲ್ಲ. 420, 412, 398 ಬಂದರೆ? ಸರಾಸರಿ ಅದೇ 410. ಆದರೆ ವ್ಯತ್ಯಾಸ 12 ವೋಲ್ಟ್, ಹತ್ತಿರಹತ್ತಿರ 3 ಶೇಕಡ. 2 ಶೇಕಡ ದಾಟಿದರೆ ಕಂಪ್ರೆಸರ್ ಓಡಿಸಬಾರದು. ಯಾಕೆಂದರೆ ಮೋಟರ್ ಬಿಸಿ ಈ ಅಂಕಿಯ ವರ್ಗದ ಎರಡರಷ್ಟು ಏರುತ್ತದೆ. 3 ಶೇಕಡ ವ್ಯತ್ಯಾಸ ಇದ್ದರೆ ಮೂರು ಮೂರಲ ಒಂಬತ್ತು, ಅದರ ಎರಡರಷ್ಟು, ಅಂದರೆ 18 ಶೇಕಡ ಜಾಸ್ತಿ ಬಿಸಿ. ಛತ್ರಗಳಲ್ಲಿ ಇದು ಬರುವುದು ಸೀರಿಯಲ್ ಲೈಟ್, ಗೀಸರ್, ಅಡುಗೆಮನೆ ಗ್ರೈಂಡರ್ ಎಲ್ಲವನ್ನೂ ಒಂದೇ ಫೇಸಿಗೆ ಹಾಕಿದಾಗ. ಆದ್ದರಿಂದ ಲೋಡ್ ಇರುವಾಗಲೇ ಅಳೆಯಿರಿ.

ತಿರುಗುವ ದಿಕ್ಕು

ಎರಡನೇ ದಿನದ ಮೊದಲ ಕೆಲಸ, ಮೂರು ಫೇಸ್‌ಗಳ ಕ್ರಮ ತೋರಿಸುವ ಫೇಸ್ ಸೀಕ್ವೆನ್ಸ್ ಮೀಟರ್ ಹಾಕುವುದು. ಮಳೆಗಾಲದಲ್ಲಿ ಎಲ್ಲೋ ಕೇಬಲ್ ಸುಟ್ಟು, ಜಾಯಿಂಟ್ ಹಾಕುವಾಗ ಎರಡು ಫೇಸ್ ಅದಲು ಬದಲಾಗಿರಬಹುದು. ಲೈಟ್‌ಗೆ, ಫ್ರಿಡ್ಜ್‌ಗೆ ಏನೂ ಗೊತ್ತಾಗುವುದಿಲ್ಲ. ತ್ರೀ ಫೇಸ್ ಮೋಟರ್ ಮಾತ್ರ ಹಿಂದಕ್ಕೆ ತಿರುಗುತ್ತದೆ.

ಚಿಕ್ಕಮಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಹೀಗೇ ಆಗಿತ್ತು. ನನಗಿಂತ ಮೊದಲು ಬಂದವರು “ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು” ಎಂದು ಹೇಳಿ ಹೋಗಿದ್ದರು. ಅಂಗಡಿಯವರು ದುಡ್ಡು ಹೊಂದಿಸುತ್ತಿದ್ದರು. ನಾನು ತಾರಸಿಗೆ ಹತ್ತಿ ಆನ್ ಮಾಡಿಸಿದೆ. ತಗಡಿನ ಡಬ್ಬದಲ್ಲಿ ಜಲ್ಲಿ ಹಾಕಿ ಅಲ್ಲಾಡಿಸಿದಂಥ ಸದ್ದು. ಗ್ಯಾಸಿನ ಒತ್ತಡ ತೋರಿಸುವ ಗೇಜಿನ ಎರಡೂ ಮುಳ್ಳು ಇದ್ದಲ್ಲೇ ಇವೆ. ಕರೆಂಟ್ ಎಳೆಯುವುದು ನೇಮ್‌ಪ್ಲೇಟಿಗಿಂತ ಎಷ್ಟೋ ಕಡಿಮೆ. ಹತ್ತು ಸೆಕೆಂಡ್ ಕೂಡ ಬಿಡದೆ ಆಫ್ ಮಾಡಿದೆ. ಸ್ಕ್ರಾಲ್ ಕಂಪ್ರೆಸರ್ ಒಂದೇ ದಿಕ್ಕಿಗೆ ಪಂಪ್ ಮಾಡುತ್ತದೆ. ಹಿಂದಕ್ಕೆ ತಿರುಗಿದರೆ ಸದ್ದು ಮಾಡುತ್ತದೆಯೇ ಹೊರತು ಗ್ಯಾಸ್ ತಳ್ಳುವುದಿಲ್ಲ. ಹೆಚ್ಚು ಹೊತ್ತು ಬಿಟ್ಟರೆ ನಿಜವಾಗಿಯೂ ಹಾಳಾಗುತ್ತದೆ. ಇದನ್ನು ತಡೆಯಲೆಂದೇ ಇರುವ ಫೇಸ್ ರಿಲೇಯನ್ನು ಯಾರೋ ವೈರ್ ಹಾಕಿ ಬೈಪಾಸ್ ಮಾಡಿದ್ದರು. ಒಳಬರುವ ಕೇಬಲ್‌ನ ಎರಡು ಫೇಸ್ ಅದಲು ಬದಲು ಮಾಡಿದೆ, ರಿಲೇ ಸರಿ ಮಾಡಿದೆ. ಅದೇ ಕಂಪ್ರೆಸರ್ ಈಗಲೂ ಓಡುತ್ತಿದೆ.

ಜನ ಮೋಸ ಹೋಗುವುದು ಬ್ಲೋವರ್ ನೋಡಿ. ಅಳಿಲು ಬೋನಿನ ಹಾಗಿರುವ ಆ ಬ್ಲೋವರ್ ಚಕ್ರ ಹಿಂದಕ್ಕೆ ತಿರುಗಿದರೂ ಗಾಳಿ ಅದೇ ಬಾಯಿಂದಲೇ ಬರುತ್ತದೆ, ಆದರೆ ತೀರಾ ಕಡಿಮೆ. ಗಾಳಿ ಬರ್ತಿದೆ ಅಲ್ವಾ ಅಂತ ಬಿಟ್ಟುಬಿಡುತ್ತಾರೆ. ಹೌಸಿಂಗ್ ಮೇಲಿನ ಬಾಣದ ಗುರುತು ನೋಡಿ, ಸ್ವಿಚ್ ಒಂದು ಕ್ಷಣ ಒತ್ತಿ ಬಿಟ್ಟು ಚಕ್ರ ನಿಲ್ಲುವಾಗ ದಿಕ್ಕು ಗಮನಿಸಿ. ಎಲ್ಲವೂ ಹಿಂದಕ್ಕೆ ತಿರುಗುತ್ತಿದ್ದರೆ ಒಳಬರುವ ಕೇಬಲ್‌ನಲ್ಲಿ ಬದಲಿಸಿ. ಒಂದು ಮೋಟರ್ ಮಾತ್ರ ತಪ್ಪಾಗಿದ್ದರೆ ಆ ಮೋಟರಿನ ವೈರ್ ಬದಲಿಸಿ.

ಗಾಳಿಯ ಕೆಲಸ

ಕಂಪ್ರೆಸರ್ ಇನ್ನೂ ಆಫ್‌ನಲ್ಲೇ ಇರಲಿ. ಬರೀ ಬ್ಲೋವರ್‌ಗೆ ಹೊತ್ತು ಕೊಡಿ. ಬೆಲ್ಟ್, ಫಿಲ್ಟರ್, ಡ್ರೈನ್ ಟ್ರ್ಯಾಪ್ (ಡ್ರೈನ್ ಪೈಪಿನಲ್ಲಿ ನೀರು ನಿಲ್ಲುವ ಬಾಗು) ಮುಟ್ಟುವಾಗ ಮತ್ತೆ ಐಸೊಲೇಟರ್ ಆಫ್ ಮಾಡಿ ಬೀಗ ಹಾಕಿ.

ಫಿಲ್ಟರ್ ತೊಳೆಯಿರಿ ಇಲ್ಲವೇ ಬದಲಿಸಿ. ಒದ್ದೆ ಇರುವಾಗ ವಾಪಸ್ ಹಾಕಬೇಡಿ. ಬೆಲ್ಟ್ ಹೊಳೆಯುತ್ತಿದ್ದರೆ, ಅಂಚು ಬಿರುಕು ಬಿಟ್ಟಿದ್ದರೆ ತೆಗೆಯಿರಿ. ಎರಡು ಬೆಲ್ಟ್ ಇದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿ ಏರಿಸಬೇಡಿ, ಮೋಟರ್ ಬೋಲ್ಟ್ ಸಡಿಲಿಸಿ ಕೂರಿಸಿ. ಎರಡು ಪುಲ್ಲಿಗೂ ತಾಗುವಂತೆ ದಾರ ಎಳೆದು ಹಿಡಿಯಿರಿ. ನಾಲ್ಕು ಕಡೆಯೂ ದಾರ ಮುಟ್ಟಿದರೆ ಪುಲ್ಲಿ ನೇರ ಇದೆ ಎಂದು ಅರ್ಥ. ಬೆಲ್ಟ್ ಬಿಗಿಗೆ ಒಂದು ಲೆಕ್ಕ ಇದೆ. ಎರಡು ಪುಲ್ಲಿಗಳ ನಡುವಿನ ಪ್ರತಿ ಒಂದು ಮೀಟರಿಗೆ 16 ಮಿಲಿಮೀಟರ್ ಒಳಗೆ ಹೋಗಬೇಕು. ಅಂದರೆ ಅರ್ಧ ಮೀಟರ್ ಅಂತರಕ್ಕೆ 8 ಮಿಲಿಮೀಟರ್. ಎಷ್ಟು ಬಲ ಹಾಕಿ ಒತ್ತಬೇಕು ಎಂಬುದು ಬೆಲ್ಟಿನ ಸೈಜಿನ ಮೇಲೆ ಹೋಗುತ್ತದೆ. ಅತಿ ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ. ಸಡಿಲ ಬಿಟ್ಟರೆ ಸ್ಟಾರ್ಟ್ ಆಗುವಾಗ ಕೀಚ್ ಎನ್ನುತ್ತದೆ.

ಕಂಡೆನ್ಸರ್ ಕಾಯಿಲ್‌ಗೆ ನಮ್ಮ ಕಡೆ ಒಂದು ವಿಶೇಷ ಕಾಟ ಇದೆ. ಬೇಸಿಗೆಯಲ್ಲಿ ಬೂರುಗದ ಮರದ ಹತ್ತಿ ಹಾರಿ ಬಂದು ಫಿನ್‌ಗಳಿಗೆ ಕಂಬಳಿ ಹೊದಿಸಿದ ಹಾಗೆ ಅಂಟುತ್ತದೆ. ಅದರ ಮೇಲೆ ರಸ್ತೆಯ ಧೂಳು, ಮಳೆ ಬಿದ್ದ ಮೇಲೆ ಮಣ್ಣಿನ ಪದರ. ಮೊದಲು ಮೆತ್ತನೆ ಬ್ರಷ್‌ನಿಂದ ಹತ್ತಿ ತೆಗೆಯಿರಿ. ಆಮೇಲೆ ಒಳಗಿನಿಂದ ಹೊರಗೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ ನೀರು ಬಿಡಿ. ಕಾರ್ ತೊಳೆಯುವ ಪ್ರೆಷರ್ ಗನ್ ಬೇಡ, ಫಿನ್ ಮಲಗಿಬಿಡುತ್ತವೆ.

ಡ್ರೈನ್ ಟ್ರ್ಯಾಪ್ ಮರೆಯಬೇಡಿ. ಬ್ಲೋವರ್ ಕಾಯಿಲ್‌ನ ಆಚೆಯಿಂದ ಗಾಳಿ ಎಳೆಯುವುದರಿಂದ ಕಾಯಿಲ್‌ನ ನೀರು ಹಿಡಿಯುವ ಟ್ರೇ ಇರುವ ಜಾಗದಲ್ಲಿ ಒತ್ತಡ ಹೊರಗಿಗಿಂತ ಕಡಿಮೆ. ಟ್ರ್ಯಾಪ್ ಒಣಗಿದ್ದರೆ ಗಾಳಿ ಪೈಪಿನಿಂದ ಒಳಕ್ಕೆ ನುಗ್ಗಿ ನೀರನ್ನು ತಡೆಯುತ್ತದೆ. ನೀರು ತುಂಬಿ ಡಕ್ಟ್ ಮೂಲಕ ಹಾಲ್‌ಗೆ ಇಳಿಯುತ್ತದೆ, ನೇರ ಮಂಟಪದ ಹೂವಿನ ಮೇಲೆ. ಒಂದು ಚೊಂಬು ನೀರು ಟ್ರೇಗೆ ಸುರಿದು ಟ್ರ್ಯಾಪ್ ತುಂಬಿಸಿ. ಬ್ಲೋವರ್ ಓಡುವಾಗಲೂ ನೀರು ಹರಿದು ಹೋಗುತ್ತದೆಯೇ ನೋಡಿ.

ಈಗ ಗಾಳಿ ಅಳೆಯಿರಿ. ಒಂದು ಟನ್‌ಗೆ ಸುಮಾರು 400 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಎಂಬುದು ಸಾಮಾನ್ಯ ಲೆಕ್ಕ. 10 ಟನ್ ಯೂನಿಟ್‌ಗೆ 4000. ಫಿಲ್ಟರ್ ಮುಖ 10 ಚದರ ಅಡಿ ಇದ್ದು, ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಹತ್ತಾರು ಕಡೆ ಹಿಡಿದಾಗ ಸರಾಸರಿ ನಿಮಿಷಕ್ಕೆ 380 ಅಡಿ ಬಂದರೆ 3800 ಸಿಎಫ್‌ಎಂ. ಚೆನ್ನಾಗಿದೆ. ಇಲ್ಲೊಂದು ಊರಿನ ವಿಷಯ ಇದೆ. ಹಾಸನ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 970 ಮೀಟರ್ ಎತ್ತರ, ಚಿಕ್ಕಮಗಳೂರು 1,090ರ ಹತ್ತಿರ. ನಮ್ಮ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತು ಶೇಕಡಕ್ಕೂ ಹೆಚ್ಚು ತೆಳು. ಬ್ಲೋವರ್ ಅಷ್ಟೇ ಸಿಎಫ್‌ಎಂ ತಳ್ಳಿದರೂ ಸ್ಟ್ಯಾಟಿಕ್ ಪ್ರೆಷರ್ (ಡಕ್ಟಿನೊಳಗಿನ ಗಾಳಿಯ ಒತ್ತಡ), ಮೋಟರಿನ ಮೇಲಿನ ಹೊರೆ ಎರಡೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ. ಕಂಪನಿ ಚಾರ್ಟ್ ಸಾಮಾನ್ಯವಾಗಿ ಸಮುದ್ರಮಟ್ಟದ ಗಾಳಿಗೆ ಮಾಡಿದ್ದು. ಆಂಪ್ಸ್ ಕಡಿಮೆ ಬಂತು ಎಂದು ತಕ್ಷಣ ಪುಲ್ಲಿ ಬದಲಿಸಬೇಡಿ, ಎತ್ತರದ ಲೆಕ್ಕ ಹಾಕಿ ನೋಡಿ. ರಿಪೇರಿ ಮಾಡಿ ವ್ಯಾಕ್ಯೂಮ್ ಎಳೆಯುವವರಿಗೂ ಇದೇ ಮಾತು. ಪುಸ್ತಕದಲ್ಲಿ 29.9 ಇಂಚು (ಪಾದರಸದ ಲೆಕ್ಕದಲ್ಲಿ) ಎಂದು ಇರುತ್ತದೆ. ಹಾಸನದಲ್ಲಿ ಸಾದಾ ಗೇಜಿನ ಮುಳ್ಳು 26.6 ದಾಟಲಾರದು. ಪಂಪ್ ಸರಿಯಿಲ್ಲ ಎಂದುಕೊಳ್ಳಬೇಡಿ. ವ್ಯಾಕ್ಯೂಮನ್ನು ಸೂಕ್ಷ್ಮವಾಗಿ ಅಳೆಯುವ ಮೈಕ್ರಾನ್ ಗೇಜ್ ಹಾಕಿ, 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ.

ಕಂಪ್ರೆಸರ್, ಆಮೇಲೆ ಗೇಜ್

ಕಂಪ್ರೆಸರ್ ಮೆಗ್ಗರ್ ರೀಡಿಂಗ್ ಮತ್ತೊಮ್ಮೆ ನೋಡಿ. ಸರಿ ಇದ್ದರೆ ಗೇಜ್ ಸಿಕ್ಕಿಸಿ, ಒಂದು ಫೇಸಿಗೆ ಕ್ಲಾಂಪ್ ಹಾಕಿ, ಎರಡು ಕಂಪ್ರೆಸರ್ ಇದ್ದರೆ ಮೊದಲನೆಯದನ್ನು ಮಾತ್ರ ಆನ್ ಮಾಡಿ. ಕಿವಿ ಗೇಜಿಗಿಂತ ಮೊದಲು ಹೇಳುತ್ತದೆ. ಸದ್ದು ಒಂದೇ ಸಮ ಇರಬೇಕು. ಕೆಲವೇ ಸೆಕೆಂಡಿನಲ್ಲಿ ಸಕ್ಷನ್ (ಕಂಪ್ರೆಸರ್ ಗ್ಯಾಸ್ ಎಳೆಯುವ ಕಡೆಯ ಒತ್ತಡ) ಇಳಿದು ಡಿಸ್ಚಾರ್ಜ್ (ತಳ್ಳುವ ಕಡೆಯ ಒತ್ತಡ) ಏರಬೇಕು. ಮೂರೂ ಫೇಸಿನ ಆಂಪ್ಸ್ ಬರೆದುಕೊಳ್ಳಿ, ನೇಮ್‌ಪ್ಲೇಟಿನ ಅಂಕಿ ದಾಟಬಾರದು. ಆಫ್ ಮಾಡಿದರೆ ಮತ್ತೆ ಆನ್ ಮಾಡುವ ಮುಂಚೆ 5 ನಿಮಿಷ ಬಿಡಿ. 15ರಿಂದ 20 ನಿಮಿಷ ಓಡಿ ಹದಕ್ಕೆ ಬಂದ ಮೇಲೆ ಬರುವ ರೀಡಿಂಗೇ ರೀಡಿಂಗ್.

ಆರ್-410ಎ ಗ್ಯಾಸಿನ ಉದಾಹರಣೆ ಕೊಡುತ್ತೇನೆ. ಹೊರಗೆ 31 ಡಿಗ್ರಿ. ಸಕ್ಷನ್ 120 ಪಿಎಸ್‌ಐ (ಗೇಜ್ ತೋರಿಸುವ ಒತ್ತಡದ ಅಳತೆ), ಅಂದರೆ ಕಾಯಿಲ್ ಒಳಗೆ ಸುಮಾರು 5 ಡಿಗ್ರಿ. ಸಕ್ಷನ್ ಪೈಪ್ ಮೇಲೆ ಥರ್ಮಾಮೀಟರ್ ಕಟ್ಟಿದರೆ 11. ಈ ಎರಡರ ವ್ಯತ್ಯಾಸವೇ ಸೂಪರ್‌ಹೀಟ್, ಇಲ್ಲಿ 6 ಡಿಗ್ರಿ. ಡಿಸ್ಚಾರ್ಜ್ 380 ಪಿಎಸ್‌ಐ, ಅಂದರೆ ಕಂಡೆನ್ಸರ್ ಒಳಗೆ 45 ಡಿಗ್ರಿ. ಲಿಕ್ವಿಡ್ ಪೈಪ್ 38. ಇವೆರಡರ ವ್ಯತ್ಯಾಸ ಸಬ್‌ಕೂಲಿಂಗ್, ಇಲ್ಲಿ 7 ಡಿಗ್ರಿ. ಕಾಯಿಲ್‌ಗೆ ಗ್ಯಾಸನ್ನು ಅಳೆದು ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಇರುವ ಯೂನಿಟ್‌ಗೆ ಇದು ಒಳ್ಳೆಯ ಚಿತ್ರ. ಹಳೆಯ ಆರ್-22 ಯೂನಿಟ್‌ನಲ್ಲಿ ಇದೇ 5 ಡಿಗ್ರಿಗೆ 70 ಪಿಎಸ್‌ಐ, 45 ಡಿಗ್ರಿಗೆ 236ರ ಹತ್ತಿರ. ಎರಡನ್ನೂ ಬೆರೆಸಿ ಓದಬೇಡಿ, ಹಳೆಯ ಗೇಜ್ ಸೆಟ್ 410ಎಗೆ ಹಾಕಬೇಡಿ.

ಸಕ್ಷನ್ ಕಡಿಮೆ ಕಂಡ ಕೂಡಲೇ ಸಿಲಿಂಡರ್ ತೆಗೆಯುವ ಅಭ್ಯಾಸ ನಮ್ಮ ಕಸುಬಿನಲ್ಲಿ ಬಹಳ ಇದೆ. ಕೆಲಸ ಕಲಿಯುವಾಗ ನಾನೂ ಹಾಗೇ ಮಾಡಿದ್ದೆ, ಫಿಲ್ಟರ್ ಕಟ್ಟಿಕೊಂಡ ಯೂನಿಟ್‌ಗೆ ಗ್ಯಾಸ್ ತುಂಬಿದ್ದೆ. ಫಿಲ್ಟರ್ ತೊಳೆದ ದಿನ ಪ್ರೆಷರ್ ಮೇಲೇರಿ ಟ್ರಿಪ್ ಆಯಿತು. ಸಕ್ಷನ್ ಕಡಿಮೆ, ಸೂಪರ್‌ಹೀಟೂ ಕಡಿಮೆ ಎಂದರೆ ಗಾಳಿ ಸಾಲುತ್ತಿಲ್ಲ. ಫಿಲ್ಟರ್, ಬೆಲ್ಟ್, ಮುಚ್ಚಿದ ಡ್ಯಾಂಪರ್ (ಡಕ್ಟಿನೊಳಗಿನ ಗಾಳಿ ತಡೆಯುವ ಬಾಗಿಲು) ನೋಡಿ. ಸಕ್ಷನ್ ಕಡಿಮೆ, ಸೂಪರ್‌ಹೀಟ್ ಜಾಸ್ತಿ, ಸಬ್‌ಕೂಲಿಂಗ್ ಕಡಿಮೆ ಈ ಮೂರೂ ಒಟ್ಟಿಗೆ ಬಂದರೆ ಮಾತ್ರ ಗ್ಯಾಸ್ ಕಡಿಮೆ. ಆಗಲೂ ಮೊದಲು ಲೀಕ್ ಹುಡುಕಿ. ಡಿಸೆಂಬರಿನ ಚಳಿ ಬೆಳಗ್ಗೆ ಗೇಜ್ ಹಾಕಿ ಗ್ಯಾಸ್ ತೀರ್ಮಾನ ಮಾಡಬೇಡಿ. ಡಿಸ್ಚಾರ್ಜ್ ತಾನಾಗೇ ಕೆಳಗೆ ಇರುತ್ತದೆ. ಬಿಸಿಲು ಏರಲಿ.

ಹಾಲ್‌ನಿಂದ ವಾಪಸ್ ಬರುವ ಗಾಳಿ 26 ಡಿಗ್ರಿ, ಹೊರಡುವ ಗಾಳಿ 15 ಇದ್ದರೆ 11 ಡಿಗ್ರಿ ಇಳಿತ. 8ರಿಂದ 12ರೊಳಗೆ ಇದ್ದರೆ ಸರಿ. ಮಳೆಗಾಲದಲ್ಲಿ ಎಸಿ ತನ್ನ ಶಕ್ತಿಯ ದೊಡ್ಡ ಪಾಲನ್ನು ತೇವ ಹಿಂಡುವುದಕ್ಕೇ ಕೊಡುತ್ತದೆ. ಆಗ 8 ಬಂದರೂ ಡ್ರೈನ್‌ನಲ್ಲಿ ನೀರು ಚೆನ್ನಾಗಿ ಹರಿಯುತ್ತಿದ್ದರೆ ಚಿಂತೆ ಇಲ್ಲ.

ಎರಡನೇ ಕಂಪ್ರೆಸರ್‌ಗೂ ಇದೇ ಕ್ರಮ. ನಂತರ ರಕ್ಷಣೆಯ ಸ್ವಿಚ್‌ಗಳು. ಹೈ ಪ್ರೆಷರ್ ಸ್ವಿಚ್ ಪರೀಕ್ಷೆಗೆ ಕಂಡೆನ್ಸರ್ ಮುಂದೆ ರಟ್ಟು ಹಿಡಿದು ನಿಧಾನಕ್ಕೆ ಗಾಳಿ ತಡೆಯಿರಿ, ಕಣ್ಣು ಗೇಜಿನ ಮೇಲೇ ಇರಲಿ. ಯೂನಿಟ್ ಪುಸ್ತಕದಲ್ಲಿ ಹೇಳಿದ ಅಂಕಿಗೆ ಟ್ರಿಪ್ ಆಗದಿದ್ದರೆ ಕೂಡಲೇ ಆಫ್ ಮಾಡಿ, ಸ್ವಿಚ್ ಬದಲಿಸದೆ ಓಡಿಸಬೇಡಿ. ಬ್ಲೋವರ್ ಓವರ್‌ಲೋಡ್ ರಿಲೇಯ ಡಯಲ್ ಮೋಟರ್ ನೇಮ್‌ಪ್ಲೇಟಿನ ಆಂಪ್ಸ್‌ಗೆ ಹೊಂದಿದೆಯೇ ನೋಡಿ. ಟ್ರಿಪ್ ಆಗುತ್ತೆ ಎಂದು ಯಾರಾದರೂ ಮೇಲಕ್ಕೆ ತಿರುಗಿಸಿಟ್ಟಿರುತ್ತಾರೆ. ಫೈರ್ ಅಲಾರಂ ಇದ್ದರೆ ಅದು ಕೂಗಿದಾಗ ಬ್ಲೋವರ್ ನಿಲ್ಲಬೇಕು. ಹೊಗೆಯನ್ನು ಹಾಲ್ ತುಂಬ ಹಂಚುವ ಯಂತ್ರ ಆಗಬಾರದು ಅದು.

ಎಲ್ಲ ಅಂಕಿಗಳನ್ನೂ ತಾರೀಖು, ಹೊರಗಿನ ಉಷ್ಣತೆ ಸಮೇತ ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಕವರ್ ಹಾಕಿ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ. ಹೊಸ ಬೆಲ್ಟ್ ಹಾಕಿದ್ದರೆ ಎರಡು ದಿನ ಓಡಿದ ಮೇಲೆ ಬಂದು ಬಿಗಿ ಮಾಡಿ, ಹೊಸ ಬೆಲ್ಟ್ ಹಿಗ್ಗಿಯೇ ಹಿಗ್ಗುತ್ತದೆ.

ಇಳಿಯುವಾಗ ವಾಚ್‌ಮನ್‌ಗೆ ಒಂದು ಮಾತು ಹೇಳಿ ಹೋಗಿ. ಮದುವೆ ಮುಗಿದ ರಾತ್ರಿ ಕರೆಂಟ್ ಉಳಿಯಲಿ ಎಂದು ಅವರು ಮೇನ್ ಸ್ವಿಚ್ಚನ್ನೇ ಇಳಿಸಿಬಿಡುತ್ತಾರೆ. ನಾನು ಹೀಗೆ ಹೇಳುತ್ತೇನೆ: “ಅಣ್ಣಾ, ಸೀಸನ್ ಇರೋ ತನಕ ಮೇನ್ ಮುಟ್ಟಬೇಡಿ, ಕೆಳಗಿನ ಥರ್ಮೋಸ್ಟ್ಯಾಟ್ ಮಾತ್ರ ಆಫ್ ಮಾಡಿ. ಒಳಗೆ ಕಂಪ್ರೆಸರ್‌ಗೊಂದು ಸಣ್ಣ ಹೀಟರ್ ಇದೆ. ಒಂದೊಂದು 70 ವ್ಯಾಟ್ ಅಷ್ಟೇ, ಒಂದಕ್ಕೆ ಇಡೀ ದಿನಕ್ಕೆ ಎರಡು ಯೂನಿಟ್ ಕೂಡ ಆಗಲ್ಲ. ಮುಂದಿನ ಆಷಾಢಕ್ಕೆ ಬೇಕಾದ್ರೆ ಆಫ್ ಮಾಡಿ. ಮತ್ತೆ ಹಾಕೋ ಹಿಂದಿನ ದಿನ ನನಗೊಂದು ಫೋನ್ ಮಾಡಿ.”